ಆರು ಅಂಕಿಯ ಬೀಗದ ಕೈ

2025ರ ನವೆಂಬರ್ 4, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಉಪ್ಪಾರಹಳ್ಳಿಯ ಕುಲ್ಸುಂ ಬೀ ತುಮಕೂರಿನ ಠಾಣೆಗೆ ಬಂದು, ಇನ್ಸ್‌ಪೆಕ್ಟರ್ ನಾಗಭೂಷಣ್ ಅವರ ಮೇಜಿನ ಮೇಲೆ ದೂರಿನ ಅರ್ಜಿ ಇಟ್ಟರು. ಕೂರಿ ಎಂದರೂ ಕೂರಲಿಲ್ಲ.

ಅಕ್ಟೋಬರ್ 3ರ ಶುಕ್ರವಾರ ಅವರ ಗಂಡ, ಟೈಲರ್ ಏಜಾಜ್ ಅಹಮದ್, ನಮಾಜು ಮುಗಿಸಿ ಬರುವಾಗ ಮರಳೂರಿನಲ್ಲಿ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಎರಡೂ ಕಾಲು ಮುರಿದಿದ್ದವು. ಎದುರಿನ ಅತೀಕ್‌ನ ಬೇಕರಿಯ ಕ್ಯಾಮೆರಾದಲ್ಲಿ ಸಿಕ್ಕ ವಿಡಿಯೊವನ್ನು ಮರುದಿನವೇ ಪಂಚನಾಮೆ ಮಾಡಿ, ಇಲಾಖೆಯ ಕ್ಲೌಡ್ ಖಾತೆಗೆ ಏರಿಸಲಾಗಿತ್ತು. ಈಗ ನಕಲು ಕೇಳಿದರೆ ಫೈಲೇ ಇಲ್ಲ. ಬೇಕರಿಯ ಕ್ಯಾಮೆರಾದಲ್ಲೂ ಹಳೆಯದು ಅಳಿಸಿಹೋಗಿತ್ತು.

“ಕುಡಿದು ಬಿದ್ದ ಅಂತ ಮೊಹಲ್ಲಾದಲ್ಲಿ ಮಾತಾಡ್ತಾರೆ ಸಾಹೇಬ್ರೆ. ಜಿಂದಗಿಲಿ ಒಂದ್ ತೊಟ್ಟು ಮುಟ್ಟಿಲ್ಲ ಅವ್ರು. ನಾಚ್ಕೆಗೆ ಕಿಟಕಿ ತೆಗಿಯಕ್ಕೂ ಬಿಡಲ್ಲ. ನಿಮ್ ಬೀಗದಲ್ಲಿದ್ದ ಸಾಮಾನು ಹೆಂಗ್ ಹೋಯ್ತು? ಬೀಗದ ಕೈ ಯಾರತ್ರ ಇತ್ತು?”

“ವಿಚಾರಿಸ್ತೀವಮ್ಮ” ಎಂದರು ನಾಗಭೂಷಣ್. ಆದರೆ ಉತ್ತರ ಅವರಿಗೆ ಆಗಲೇ ಗೊತ್ತಿತ್ತು. ಇಡೀ ಠಾಣೆ ಬಳಸುತ್ತಿದ್ದ ಆ ಖಾತೆ ಅವರ ಹೆಸರಿನಲ್ಲಿತ್ತು. ಪಾಸ್‌ವರ್ಡು, ಠಾಣೆಯ ದಾಖಲೆ ಬರೆಯುವ ರೈಟರ್‌ನ ಕೋಣೆಯಲ್ಲಿ, ಕ್ಯಾಲೆಂಡರಿನ ಹಿಂದೆ. ಆರು ಅಂಕಿಯ ಓಟಿಪಿ ಬರುವುದು ಮಾತ್ರ ಅವರ ಮೊಬೈಲಿಗೆ. ಅದನ್ನೂ ಅವರು ಟೀ ಹೇಳಿದಷ್ಟೇ ಸಲೀಸಾಗಿ, ಕೇಳಿದವರಿಗೆಲ್ಲ ಹೇಳುತ್ತಿದ್ದರು. ಆ ವಿಡಿಯೊವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಕಾರಿನ ನಂಬರನ್ನು ಠಾಣೆಯಲ್ಲಿ ಯಾರೂ ಬರೆದುಕೊಂಡಿರಲಿಲ್ಲ.

12.30ಕ್ಕೆ ಪಿಎಸ್‌ಐ ಕೋಮಲಾ ಕ್ಲೌಡ್ ಖಾತೆಯನ್ನು ಯಾರು ಯಾವಾಗ ಬಳಸಿದರೆಂಬ ಲಾಗ್ ತರಿಸಿದರು.

“ಡಿಲೀಟ್ ಆಗಿರೋದು ಅಕ್ಟೋಬರ್ 9, ಮಧ್ಯಾಹ್ನ 12.07. ಕಂಪ್ಯೂಟರ್ ನಮ್ ಠಾಣೆದು. ಲಾಗಿನ್ ನಿಮ್ದು ಸಾರ್.”

ಅಳಿಸಿದ್ದು ಮೂವತ್ತು ದಿನ ಮಾತ್ರ ಕ್ಲೌಡಿನಲ್ಲಿ ಉಳಿಯುತ್ತದೆ. ಇನ್ನು ನಾಲ್ಕೇ ದಿನ ಬಾಕಿ. ಫೈಲನ್ನು ಮುಟ್ಟದಂತೆ ಕಾಯ್ದಿಡಲು ಕೋಮಲಾ ಕೂಡಲೇ ಕ್ಲೌಡ್ ಕಂಪನಿಗೆ ಪತ್ರ ಕಳಿಸಿದರು. ನಾಗಭೂಷಣ್ ತಾವೇ ಡಿವೈಎಸ್‌ಪಿಗೆ ಫೋನ್ ಮಾಡಿ, ತನಿಖೆಯನ್ನು ಕೋಮಲಾಗೆ ವಹಿಸಲು ಕೇಳಿಕೊಂಡರು. ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. ಆಮೇಲೆ ನಾಗಭೂಷಣ್ ಮೇಜಿನ ಈಚೆ ಬಂದು, ದೂರುದಾರರ ಕುರ್ಚಿಯಲ್ಲಿ ಕೂತರು.

“ಅವತ್ತು ಎಲ್ಲಿದ್ರಿ ಸಾರ್?”

“ಗುಬ್ಬಿ ಕೋರ್ಟಲ್ಲಿ.”

“ಓಟಿಪಿ ಯಾರಿಗೆ ಹೇಳಿದ್ರಿ?”

“ರೈಟರ್ ಗಂಗರಾಜುಗೆ. ಫೋನಲ್ಲಿ.”

“ಯಾಕೆ ಅಂತ ಕೇಳಿದ್ರಾ?”

“ಇಲ್ಲ.”

ಕೋಮಲಾ ತಲೆ ಎತ್ತದೆ ಬರೆದುಕೊಂಡರು. ಅವರು ಎತ್ತದಿದ್ದುದೇ ಉಪಕಾರ ಎನಿಸಿತು ನಾಗಭೂಷಣ್‌ಗೆ.

ನವೆಂಬರ್ 5, ಸಂಜೆ 4.10. ಪಂಚರ ಎದುರು ಫೈಲನ್ನು ಮರಳಿ ಪಡೆಯಲಾಯಿತು. ಇದು ಅದೇ ವಿಡಿಯೊ ಎಂದು ಹೇಳಲು ಹ್ಯಾಶ್ ಬೇಕು. ಅದು ಫೈಲಿನ ಬೆರಳಚ್ಚು, ಅರವತ್ತನಾಲ್ಕು ಅಕ್ಷರ. ಒಂದು ಚುಕ್ಕೆ ಬದಲಾದರೂ ತಾಳೆಯಾಗದು. ಮೊದಲ ಪಂಚನಾಮೆಯಲ್ಲಿ ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದವರು ಗಂಗರಾಜುವೇ. ಕೋಮಲಾ ಒಂದೊಂದನ್ನೇ ಓದಿದರು, ನಾಗಭೂಷಣ್ ಕೇಳಿಸಿಕೊಂಡರು. ಒಂದೂ ತಪ್ಪಿರಲಿಲ್ಲ.

ವಿಡಿಯೊದಲ್ಲಿ ಏಜಾಜ್ ರಸ್ತೆಯ ಅಂಚಿನಲ್ಲಿ ನೆಟ್ಟಗೆ ನಡೆದು ಬರುತ್ತಿದ್ದ. ಗುದ್ದಿದ ಕಾರಿನ ನಂಬರ್ ಕುಣಿಗಲ್‌ನ ಶಾಲಾ ಶಿಕ್ಷಕಿ ವನಜಾಕ್ಷಿಯದು. ಅವಳು ಗಂಗರಾಜುವಿನ ಮಗಳು.

5.40ಕ್ಕೆ ರೈಟರ್ ಕೋಣೆಯಲ್ಲೇ ಅವನನ್ನು ಬಂಧಿಸಲಾಯಿತು. ಕುಣಿಗಲ್‌ಗೆ ಇನ್ನೊಂದು ತಂಡ ಹೊರಟಿತು.

“ವಿಡಿಯೊ ತಂದಾಗ ತೆಗ್ದು ನೋಡಿರ್ಲಿಲ್ಲ, ಮಗ್ಳ ಕಾರು ಅಂತ ನಂಗೊತ್ತಿರ್ಲಿಲ್ಲ ಸಾರ್” ಎಂದ ಗಂಗರಾಜು. “ಭಾನುವಾರ ಮಗ್ಳ ಮನೆಗೆ ಹೋದ್ರೆ ಕಾರಿನ ಲೈಟ್ ಒಡ್ದಿತ್ತು. ಕೇಳ್ದೆ, ಅಳಕ್ಕೆ ಶುರು ಮಾಡಿದ್ಲು. ಊರೆಲ್ಲ ಟೀಚರಮ್ಮ ಅಂತ ಕೈ ಮುಗೀತಾರೆ ಸಾರ್ ಅವ್ಳಿಗೆ. ಮಾನ ಹೋಗ್ತಿತ್ತು.”

“ಏಜಾಜ್ ಮಾನ ಹೋಗ್ಲಿಲ್ವೇನಯ್ಯಾ?” ಎಂದರು ನಾಗಭೂಷಣ್.

ಗಂಗರಾಜು ಮುಖ ಮುಚ್ಚಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು ನಿಜ. ಆದರೆ ಬೇಲಿಗೆ ದಾರಿ ಬಿಟ್ಟ ರೈತ ತಾನೇ ಎಂದು ನಾಗಭೂಷಣ್‌ಗೆ ಗೊತ್ತಿತ್ತು. ಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರೇ ಮೊದಲಿತ್ತು.

ಮರುದಿನ ಬೆಳಿಗ್ಗೆ ಅವರು ಉಪ್ಪಾರಹಳ್ಳಿಗೆ ಒಬ್ಬರೇ ಹೋದರು. ಕುಲ್ಸುಂ ಬೀ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

“ಬೀಗದ ಕೈ ನನ್ನತ್ರನೇ ಇತ್ತಮ್ಮ” ಎಂದರು ನಾಗಭೂಷಣ್. “ಯಾಕೆ ಅಂತಾನೂ ಕೇಳ್ದೆ ಕೊಟ್ಬಿಟ್ಟೆ.”

ಆಕೆ ಬೈದಿದ್ದರೆ ಹಗುರಾಗುತ್ತಿತ್ತು. ಒಳಗೆ ಹೋಗಿ ಗಂಡನಿಗೆ ಮೆಲ್ಲಗೆ ಏನೋ ಹೇಳಿದರು.

“ಕಿಟಕಿ ತೆಗಿ” ಎಂದಿತು ಒಳಗಿನ ದನಿ.

ತಿಂಗಳಿಂದ ಮುಚ್ಚಿದ್ದ ಕಿಟಕಿ ಕಿರುಗುಟ್ಟುತ್ತ ತೆರೆಯಿತು. ಹಾಸಿಗೆಯಲ್ಲಿದ್ದ ಏಜಾಜ್ ಬೀದಿಯತ್ತ ನೋಡಿದ. ಬೀದಿಯಲ್ಲಿ ನಿಂತಿದ್ದ ನಾಗಭೂಷಣ್‌ಗೆ ಅವನ ಮುಖ ನೋಡಲಾಗಲಿಲ್ಲ.