ಎರಡನೆಯ ತಂತಿ

ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ನೀಲವಂತಿ ಎಂಬ ರಾಜ್ಯವಿತ್ತು. ಅಲ್ಲಿ ನೂಲಿಗೆ ಬಣ್ಣ ಹಾಕುವ ಚೆಲುವಕ್ಕ ತನ್ನ ಆರು ವರ್ಷದ ಮಗಳು ತುಂಗಿಯೊಡನೆ ಇದ್ದಳು. ಒಂದು ಮಂಗಳವಾರ ಚೆಲುವಕ್ಕ ಎಂದಿನಂತೆ ಮಗಳನ್ನು ಹೊಳೆಯ ದಡದಲ್ಲಿ ಕೂರಿಸಿ, ಕೈಜಾರಿದ ನೂಲಿನ ಲಡಿ ಹಿಡಿಯಲು ನೀರಿನಲ್ಲಿ ಮುಳುಗಿದಳು. ಮೇಲೆದ್ದಾಗ ತುಂಗಿ ಬಾಯಿ ತೆರೆದು "ಅವ್ವಾ" ಎನ್ನುತ್ತಿದ್ದಳು. ದನಿ ಇರಲಿಲ್ಲ. ಊರಿನಲ್ಲಿ ಯಾರಿಗೂ ಇರಲಿಲ್ಲ.

ಕರಿಬೆಟ್ಟದ ಮಾಂತ್ರಿಕ ಮೌನಕೇತು ಆ ಗಳಿಗೆಯಲ್ಲಿ ರಾಜ್ಯದ ದನಿಗಳನ್ನೆಲ್ಲ ಸೆಳೆದು ತನ್ನ ಆರು ತಂತಿಯ ವಾದ್ಯದೊಳಗೆ ತುಂಬಿಕೊಂಡಿದ್ದ. ನೀರಿನೊಳಗಿದ್ದ ಚೆಲುವಕ್ಕನ ದನಿಯೊಂದೇ ಉಳಿಯಿತು. ವಾದ್ಯದ ಸ್ವರಗಳನ್ನು ಬಲ್ಲವರು ದನಿಗಳನ್ನು ಬಿಡಿಸಬಹುದು. ಒಂದು ತಪ್ಪು ಹೇಳಿದರೆ ಒಳಗೆ ಒಂದು ದನಿ ಸಾಯುತ್ತದೆ. ವಾದ್ಯ ಮಾಡುವ ಈರಣ್ಣಜ್ಜ ಇಷ್ಟನ್ನೂ ಮರಳಿನ ಮೇಲೆ ಬರೆದು ಅವಳಿಗೆ ತಿಳಿಸಿದ.

ಆಮೇಲೆ ಅವನು ತನ್ನ ಹಳೆಯ ವಾದ್ಯವನ್ನು ಅವಳ ತೊಡೆಯ ಮೇಲಿಟ್ಟ. ಗದ್ದದ ಕಡೆಯ ದಪ್ಪ ತಂತಿಯಿಂದ ಕೆಳಗಿನ ಸಣ್ಣ ತಂತಿಯವರೆಗೆ ಬರೆದ: ಗ, ದ, ರಿ, ಪ, ನಿ, ಗ. ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಗ, ವಾದ್ಯದ ಕತ್ತಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಮೆಟ್ಟಿಲುಗಳಲ್ಲಿ, ಮೊದಲನೆಯದರಲ್ಲಿ ಒತ್ತಿದರೆ ಮ, ಮೂರನೆಯದರಲ್ಲಿ ಪ. ಹೀಗೆ ಆರೂ ತಂತಿಗಳನ್ನು ಅವಳು ನಲವತ್ತು ದಿನ ಕಲಿತಳು. ಬೆರಳ ತುದಿಗಳು ಒಡೆದವು. ಶ್ರುತಿ ಮಾಡುವುದನ್ನೂ ಅಜ್ಜ ತೋರಿಸಿದ: ಒಂದು ತಂತಿಯ ಐದನೆಯ ಮೆಟ್ಟಿಲಿನ ಸ್ವರಕ್ಕೆ ಅದರ ಕೆಳಗಿನ ತಂತಿಯನ್ನು ಬಿಗಿಯಬೇಕು. ಪ ತಂತಿಯಲ್ಲಿ ಮಾತ್ರ ನಾಲ್ಕನೆಯ ಮೆಟ್ಟಿಲು. ಅಲ್ಲಿ ಅವಳು ಐದಕ್ಕೆ ಬೆರಳಿಟ್ಟಾಗಲೆಲ್ಲ ಕೈಮೇಲೆ ಪಟ್ಟನೆ ಹೊಡೆಯುತ್ತಿದ್ದ.

ಕರಿಬೆಟ್ಟದ ಮೊದಲ ಬಾಗಿಲಲ್ಲಿ ಮೂರು ಕಣ್ಣಿನ ಕಿರುಬ ಕೂತಿತ್ತು.

"ಬಂದೆಯಾ ಬಣ್ಣದವಳೇ? ಆರೂ ತಂತಿಯ ಹೆಸರು ಹೇಳು."

"ಗ, ದ, ರಿ, ಪ, ನಿ, ಗ."

"ಗ ಎರಡು ಸಲ ಬಂತಲ್ಲೇ?"

"ಇರುವುದೇ ಎರಡು. ಒಂದು ದಪ್ಪ, ಒಂದು ಸಣ್ಣ."

ಕಿರುಬ ಬಾಲ ಮಡಚಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬಿಳಿಯ ಹಾವು ಹೆಡೆಯೆತ್ತಿತು. "ಎರಡನೆಯ ತಂತಿ, ಮೂರನೆಯ ಮೆಟ್ಟಿಲು. ಯಾವ ಸ್ವರ?"

ಚೆಲುವಕ್ಕ ದಪ್ಪ ತಂತಿಯಿಂದ ಎಣಿಸಿದಳು. "ಸ."

"ಎಣಿಸುವುದು ಸಣ್ಣ ತಂತಿಯಿಂದ, ತಾಯಿ. ನಿಮ್ಮಜ್ಜ ಹೇಳಲಿಲ್ಲವೇ? ಓ, ಹೇಳೋಕೆ ದನಿ ಎಲ್ಲಿದೆ ಪಾಪ!"

ಬೆಟ್ಟದೊಳಗೆ ಎಲ್ಲೋ ನೂಲು ಹರಿದಂಥ ಸಪ್ಪಳವಾಯಿತು.

"ಯಾರದು?" ಎಂದಳು ಚೆಲುವಕ್ಕ. "ಮಗುವಿನದಾ? ಹೇಳು, ಯಾರದು?"

"ನನಗೇನು ಗೊತ್ತು? ಸರಿಯಾದ ಉತ್ತರ ಹೇಳಿ ಮುಂದೆ ನಡೆ."

ಅವಳು ಕೆಳಗಿನಿಂದ ಎಣಿಸಿದಳು. "ರಿ."

ಮೂರನೆಯ ಬಾಗಿಲೊಳಗೆ ಮೌನಕೇತು ವಾದ್ಯ ಹಿಡಿದು ಕೂತಿದ್ದ. ದಪ್ಪ ತಂತಿಯೊಂದನ್ನು ಬಿಟ್ಟು ಉಳಿದ ಐದನ್ನೂ ಸಡಿಲಿಸಿ ಅವಳ ಮುಂದೆ ನೂಕಿದ.

"ಶ್ರುತಿ ಮಾಡು. ಒಂದು ತಂತಿಗೆ ಒಂದೇ ಅವಕಾಶ."

ಅವಳು ದ ಬಿಗಿದಳು, ರಿ ಬಿಗಿದಳು, ಪ ಬಿಗಿದಳು. ನಿ ತಂತಿಯ ಸರದಿ ಬಂತು. ಅವಳ ಬೆರಳು ಪ ತಂತಿಯ ನಾಲ್ಕನೆಯ ಮೆಟ್ಟಿಲಿಗೆ ಹೋಯಿತು.

"ಐದು ಕಣೇ, ಐದು!" ಎಂದು ಮೌನಕೇತು ನಕ್ಕ. "ಇಷ್ಟು ಹೊತ್ತು ಐದಕ್ಕೇ ಒತ್ತಿದೆಯಲ್ಲ, ಮರೆತೆಯಾ? ಮಗಳ ಮುಖ ನೆನೆಸಿಕೋ."

ಚೆಲುವಕ್ಕ ತಲೆಯೆತ್ತಲಿಲ್ಲ. ನಾಲ್ಕಕ್ಕೇ ಒತ್ತಿ ನಿ ಬಿಗಿದಳು, ಕೊನೆಯ ಗ ಬಿಗಿದಳು, ಆರೂ ತಂತಿಗಳನ್ನು ಒಟ್ಟಿಗೆ ಮೀಟಿದಳು. ರಾಜ್ಯದ ದನಿಗಳು ಒಮ್ಮೆಲೇ ಹೊರನುಗ್ಗಿದವು. ಆ ಸದ್ದಿಗೆ ಮಾಂತ್ರಿಕ ಸುಡದ ಮಡಕೆಯಂತೆ ಬಿರಿದು ಮಣ್ಣಾದ.

ಅವಳು ಓಡುತ್ತಲೇ ಮನೆಗೆ ಬಂದಳು. ತುಂಗಿ ಹೊಸ್ತಿಲಲ್ಲಿ ಕೂತಿದ್ದಳು. ಚೆಲುವಕ್ಕನಿಗೆ ಕರೆಯಲು ಧೈರ್ಯ ಬರಲಿಲ್ಲ.

"ಎಲ್ಲಿಗೆ ಹೋಗಿದ್ದೆ ಅವ್ವಾ? ಹೊಟ್ಟೆ ಹಸೀತಿದೆ," ಎಂದಳು ತುಂಗಿ.

ರಾಜ ಏಳು ದಿನ ಊಟ ಹಾಕಿಸಿದ. ನೀಲವಂತಿಯ ಜನ ಹಾಡಿದರು, ಜಗಳವಾಡಿದರು, ಸುಖವಾಗಿ ಬಾಳಿದರು.

ಮೊದಲೆಲ್ಲ ಕೂಗಿ ಮೊಸರು ಮಾರುತ್ತಿದ್ದ ಸಣ್ಣಮ್ಮ ಮಾತ್ರ ಅಂದಿನಿಂದ ಕೈಗಂಟೆ ಬಾರಿಸುತ್ತ ಬೀದಿಗೆ ಬರುತ್ತಿದ್ದಳು.