ಕುಷ್ಟನ ಟೆಂಪೋದ ಬಿರಡೆ

ಅವತ್ತು ಬೆಳಿಗ್ಗೆ ಸೀತು ಓಡಿ ಬಂದಾಗ ಉಮಾನಾಥಣ್ಣ ಎರಡನೇ ಲೋಟ ಚಾ ಕುಡಿಯುತ್ತಿದ್ದರು. ನಾನು ಜಗಲಿಯಲ್ಲಿ ಕೂತು ನನ್ನ ಹಣೆಬರಹಕ್ಕೆ ಬೈದುಕೊಳ್ಳುತ್ತಿದ್ದೆ. ಖಾಕಿ ಅಂಗಿ ಹಾಕಿಲ್ಲವೆಂದು ಹೆಡ್ ಕಾನ್‌ಸ್ಟೆಬಲ್ ಚಂದಯ್ಯ ಆ ತಿಂಗಳಲ್ಲಿ ಮೂರನೇ ಸಲ ನನ್ನ ಮೇಲೆ ಕೇಸು ಬರೆದಿದ್ದರು. ಫೆಬ್ರವರಿಯ ಸೆಕೆಯಲ್ಲಿ ರಿಕ್ಷಾ ಓಡಿಸುವವನು ಅಂಗಿಯ ಮೇಲೊಂದು ಅಂಗಿ ಹಾಕಬೇಕಂತೆ!

ಉಮಾನಾಥಣ್ಣ ಬ್ರಹ್ಮಾವರದ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸುಗಳ ಟೈಂಕೀಪರ್ ಆಗಿದ್ದವರು. ನಿವೃತ್ತರಾಗಿ ಕೋಟೇಶ್ವರಕ್ಕೆ ಬಂದ ಮೇಲೆ ಊರಿನ ಗೋಜಲುಗಳನ್ನು ಬಿಡಿಸುವ ಚಟ ಹತ್ತಿಸಿಕೊಂಡಿದ್ದರು. ಅವರನ್ನು ಬಾಡಿಗೆಯಿಲ್ಲದೆ ಹೊತ್ತು ತಿರುಗುವ ಕರ್ಮ ನನ್ನದು.

"ಹ್ವಾಯ್ ಉಮಾನಾಥಣ್ಣ, ನಮ್ಮನಿಯವ್ರನ್ನ ಪೊಲೀಸ್ರ್ ಕೂರ್ಸ್ಕಂಡಿರ್!" ಸೀತು ಏದುಸಿರು ಬಿಡುತ್ತಿದ್ದಳು. "ಚಂದಯ್ಯ ಮೀನಿನ ನೀರಗೆ ಜಾರಿ ಬಿದ್ದ್ ಕೈ ಮುರ್ಕಂಡಿರಂಬ್ರ್. ಇವ್ರೇ ಬೇಕಂತ ನೀರ್ ಬಿಟ್ಟದ್ದ್ ಅಂತ್ರ್. ಲೈಸೆನ್ಸ್ ಹೋದ್ರೆ ನಾವ್ ಎಂತ ತಿಂಬುದ್?"

ಅವಳ ಗಂಡ ಕುಷ್ಟ ಮೀನಿನ ಟೆಂಪೋ ಓಡಿಸುವವನು. ಐಸ್ ಕರಗಿದ ಮೀನಿನ ನೀರು ಹೆದ್ದಾರಿಗೆ ಸುರಿದು ಬೈಕಿನವರು ಜಾರಿ ಬೀಳುತ್ತಾರೆಂದು ಪೊಲೀಸರು ಅಂಥ ಟೆಂಪೋಗಳ ಅಡಿಗೆ ತೊಟ್ಟಿ ಕೂರಿಸಲೇಬೇಕೆಂದು ಹಟ ಹಿಡಿದಿದ್ದ ಕಾಲವದು. ಹಿಂದಿನ ಸಂಜೆ ನಾಲ್ಕಕ್ಕೆ ಕುಷ್ಟನ ಟೆಂಪೋ ತೊಟ್ಟಿ ಇದ್ದೂ ಹನಿ ಹಾಕುವುದನ್ನು ಕಂಡು ಚಂದಯ್ಯ ಅದನ್ನು ಹಿಡಿದು ಹೊರಠಾಣೆಯ ಎದುರು ನಿಲ್ಲಿಸಿದ್ದರು. ಕುಷ್ಟನಿಗೆ ತಲೆ ಕೆಟ್ಟು, "ಒಂದ್ ದಿನ ನೀವೇ ಈ ನೀರಗೆ ಜಾರಿ ಬೀಳ್ತ್ರಿ, ಕಾಣಿ!" ಎಂದು ಹತ್ತು ಜನರ ಮುಂದೆ ಕೂಗಿದ್ದ. ಬೆಳಿಗ್ಗೆ ಆರೂವರೆಗೆ ಡ್ಯೂಟಿಗೆ ಬಂದ ಚಂದಯ್ಯ ಅದೇ ಟೆಂಪೋದ ಪಕ್ಕ ಬೈಕ್ ಸಮೇತ ಜಾರಿ ಬಿದ್ದರು. ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ ಈ ಕುಷ್ಟ?

ಹೊರಠಾಣೆಯಲ್ಲಿ ಎಎಸ್‌ಐ ಭೋಜರಾಜ ಫೋನಿನಲ್ಲಿದ್ದರು. "ಮಸಾಲೆ ಕಡ್ದ್ ಆಯ್ತಾ? ಅಳಿಯನ ಮನಿಯವ್ರ್ ಹನ್ನೆರಡಕ್ಕೇ ಬತ್ರ್. ನಾನ್ ಬೇಗ ಬತ್ತೆ" ಎಂದು ಫೋನಿಟ್ಟು ನಮ್ಮನ್ನು ನೋಡಿ ಮುಖ ಸಿಂಡರಿಸಿದರು.

"ಉಮಾನಾಥರೇ, ಇದ್ರಗೆ ಪತ್ತೆ ಮಾಡುಕೆ ಎಂತದೂ ಇಲ್ಲೆ. ತೊಟ್ಟಿಯ ತೂತಿನ ಬಿರಡೆ ಕಾಣೆ ಆಯ್ತ್. ಇವ್ನೇ ಬಂದ್ ಕಿತ್ತದ್ದ್. ಮಧ್ಯಾಹ್ನ ಮೇಲೆ ಚಂದಯ್ಯನ ಸಹಿ ಆದ್ರೆ ಕೇಸ್ ರೆಡಿ."

ಬೆಂಚಿನ ಮೇಲಿದ್ದ ಕುಷ್ಟನ ಮಾತನ್ನು ಯಾರೂ ಕೇಳಿರಲಿಲ್ಲ, ಅವನು ಅಳುವುದೊಂದು ಬಾಕಿ. ಉಮಾನಾಥಣ್ಣ ಅವನ ಪಕ್ಕ ಕೂತರು.

"ನಿನ್ನೆ ಎಂತ ಲೋಡ್ ಇದ್ದಿತ್, ಕುಷ್ಟ?"

"ಬೈಗೆ ಮೀನ್. ಬೈಂದೂರಗೆ ಇಳ್ಸಿ, ಟೆಂಪೋದ ಪೆಟ್ಟಿಗಿ ತೊಳ್ದ್ ಖಾಲಿ ಬಪ್ಪತ್ತಿಗೆ ಹಿಡ್ದ್ರ್. ತೊಳ್ದ ನೀರೇ ನಾಕ್ ಹನಿ ಬಿದ್ದದ್ದ್."

"ಟೆಂಪೋ ಎಲ್ಲ್ ನಿಲ್ಸಿದ್ದೆ?"

"ಠಾಣೆ ಬೋರ್ಡಿನ ಬುಡದಗೆ, ಬಿಸಿಲಗೆ. ಕೀಲಿ ಭೋಜರಾಜ ಸಾಹೇಬ್ರ ಕೈಗೇ ಕೊಟ್ಟಿದ್ದೆ. ಅವ್ರ್ ಕಿಸಿಗ್ ಹಾಕ್ಕಂಡ್ರ್."

ಹೊರಗೆ ಬಂದು ನೋಡಿದರೆ ಟೆಂಪೋ ಬೋರ್ಡಿನ ಬುಡದಲ್ಲಿ ಇರಲೇ ಇಲ್ಲ. ಅಲ್ಲಿ ಬರೀ ಎಣ್ಣೆಯ ಕಲೆ ಇತ್ತು. ಟೆಂಪೋ ಇಪ್ಪತ್ತು ಹೆಜ್ಜೆ ಆಚೆ, ಮಾವಿನ ಮರದ ನೆರಳಿನಲ್ಲಿ, ರಸ್ತೆಯತ್ತ ಇಳಿಜಾರಿನಲ್ಲಿ ನಿಂತಿತ್ತು. ಉಮಾನಾಥಣ್ಣ ಆ ವಯಸ್ಸಿನಲ್ಲಿ ಅಂಗಾತ ಮಲಗಿ ಅದರ ಅಡಿಗೆ ನುಸುಳಿ, ಪೊರಕೆಯ ಹಿಡಿಕಡ್ಡಿಯಿಂದ ತೊಟ್ಟಿಯ ತೂತು ಕೆದಕಿದರು. ಉದ್ದನೆಯ ಕೆಂಪು ಎಳೆ ನಾಲ್ಕಾರು ಹೊರಬಂದವು. ಅವನ್ನು ಕಾಗದದಲ್ಲಿ ಸುತ್ತಿ ಕ್ಯಾಬಿನ್ನಿನ ಗಾಜಿಗೆ ಮೂಗು ಒತ್ತಿ ಒಳಗೆ ನೋಡಿದರು. ನಾನೂ ನೋಡಿದೆ. ಸೀಟು, ಮುಖ ಒರೆಸುವ ಹಳೇ ಬೈರಾಸು, ಹಿಂದಿನ ಮೊಳೆಗೆ ನೇತು ಹಾಕಿದ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ ಮರದ ತುಂಡು. ನನಗೇನೂ ಹೊಳೆಯಲಿಲ್ಲ.

"ರವಿರಾಜ, ನೀನ್ ಕುಂದಾಪುರಕ್ಕೆ ಹೋಯಿ ಚಂದಯ್ಯನ್ನ ಆಸ್ಪತ್ರೆಯಿಂದ ಕರ್ಕಂಡ್ ಬಾ" ಎಂದರು.

ಕೇಸಿನ ಮೇಲೆ ಕೇಸು ಬರೆದವರನ್ನು ನನ್ನದೇ ರಿಕ್ಷಾದಲ್ಲಿ, ನನ್ನದೇ ಪೆಟ್ರೋಲಿನಲ್ಲಿ! ಗೊಣಗುತ್ತಲೇ ಹೋದೆ.

ಮಧ್ಯಾಹ್ನ ಮೂರಕ್ಕೆ ಹೊರಠಾಣೆಯ ಎದುರು ಟೆಂಪೋದವರು, ರಿಕ್ಷಾದವರು ಗುಂಪು ಸೇರಿದ್ದರು. ಚಂದಯ್ಯ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಭೋಜರಾಜ ಊಟ ಮುಗಿಸಿ ಬಂದು ದೂರಿನ ಹಾಳೆ, ಪೆನ್ನು ಎರಡನ್ನೂ ಅವರ ಮುಂದಿಟ್ಟರು.

"ಸಹಿಗೆ ಮುಂಚೆ ಒಂದ್ ಮಾತ್" ಎಂದರು ಉಮಾನಾಥಣ್ಣ. "ತೊಳೆದ ತೊಟ್ಟಿ ಒಣಗದಿದ್ರೆ ನಾಳೆ ನಾರ್ತ್. ಅದ್ಕೇ ಮೀನಿನ ಟೆಂಪೋದವ್ರೆಲ್ಲ ಪೆಟ್ಟಿಗೆ ತೊಳೆದ ಕೂಡಲೇ ಬಿರಡೆ ತೆಗ್ದ್ ಕ್ಯಾಬಿನಗೆ ನೇತ್ ಹಾಕ್ತ್ರ್. ಹೌದಾ ಅಲ್ದಾ?"

"ಹೌದ್, ಹೌದ್" ಎಂದು ಟೆಂಪೋದವರು ಒಟ್ಟಿಗೇ ಕೂಗಿದರು.

"ಕಾಣೆಯಾದ ಬಿರಡೆ ಅಲ್ಲೇ ಮೊಳೆಗೆ ನೇತಾಡ್ತಾ ಇತ್ತ್. ಕ್ಯಾಬಿನಿಗೆ ಬೀಗ, ಕೀಲಿ ನಿನ್ನೆ ಸಂಜೆಯಿಂದ ಸಾಹೇಬ್ರ ಕಿಸೆಯಗೆ. ಅಂದ್ರೆ ಬಿರಡೆಯನ್ನ ರಾತ್ರಿ ಯಾರೂ ಕೀಳ್ಲಿಲ್ಲೆ. ಅದ್ ಮೊದ್ಲೇ ತೆಗ್ದದ್ದ್. ಖಾಲಿ ತೊಟ್ಟಿಯಿಂದ ರಸ್ತೆ ತೋಯುವಷ್ಟ್ ನೀರ್ ಹ್ಯಾಂಗ್ ಬಂತ್? ಯಾರೋ ಪೆಟ್ಟಿಗೆಗೆ ಐಸ್ ತುಂಬ್ಸಿರ್. ಟೆಂಪೋದವ್ನಾದ್ರೆ ಐಸ್ ಹಾಕುಕೆ ಮುಂಚೆ ಬಿರಡೆ ಹಾಕ್ತಿದ್ದ. ಆ ಅಭ್ಯಾಸ ಇಲ್ದವ್ರ್ ಮರ್ತ್ರ್."

ಅವರು ಕಾಗದ ಬಿಚ್ಚಿ ಕೆಂಪು ಎಳೆಗಳನ್ನು ಎತ್ತಿ ತೋರಿಸಿದರು. "ಕುಷ್ಟ ತಂದದ್ದ್ ಬೈಗೆ ಮೀನ್. ಇದ್ ಸಿಗಡಿಯ ಮೀಸೆ. ಬಿಸಿಲಗಿದ್ದ ಟೆಂಪೋ ಐಸ್ ಕರಗದೇ ಇರ್ಲಿ ಅಂತ ನೆರಳಿಗ್ ಹೋಯ್ತ್. ಓಡ್ಸುಕೆ ಕೀಲಿ ಇದ್ದದ್ದ್ ಒಬ್ರ ಹತ್ರ ಮಾತ್ರ. ಭೋಜರಾಜರೇ, ಇವತ್ತ್ ಅಳಿಯನ ಮನೆಯವ್ರಿಗೆ ಸಿಗಡಿ ಲಾಯ್ಕ್ ಆಯಿತ್ತಾ?"

ಭೋಜರಾಜ ಚಂದಯ್ಯನತ್ತ ತಿರುಗಿದರು. "ಮನೆ ಫ್ರಿಜ್ಜಗೆ ಜಾಗ ಇರ್ಲಿಲ್ಲೆ..." ಎಂದರು. "ಬೆಳಿಗ್ಗೆ ಐದಕ್ಕೆ ಸಿಗಡಿ ತೆಗ್ಸಿದ್ದೆ. ಕತ್ತಲಗೆ ನೀರ್ ಕಾಣ್ಲಿಲ್ಲೆ. ದೇವ್ರಾಣೆ ಗೊತ್ತಿರ್ಲಿಲ್ಲೆ, ಚಂದಯ್ಯ."

"ನಾನ್ ಬೀಳುವತ್ತಿಗೆ ಗೊತ್ತಿರ್ಲಿಲ್ಲೆ, ಸಮ" ಎಂದರು ಚಂದಯ್ಯ. "ಬಿದ್ದ ಮೇಲೆ?"

ಒಂದು ಸಿಗಡಿ ಊಟ ಮುಚ್ಚಿಡಲು ಒಬ್ಬನ ಹೊಟ್ಟೆಯ ಮೇಲೆ ಹೊಡೆಯಲು ಹೊರಟಿದ್ದ ಮನುಷ್ಯ!

ಚಂದಯ್ಯ ಬಲಗೈಯಲ್ಲಿ ಪೆನ್ನು ಎತ್ತಿಕೊಂಡರು. ಹಾಳೆಯಲ್ಲಿದ್ದ ಕುಷ್ಟನ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ತಮ್ಮ ಮೇಲಧಿಕಾರಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ಕೈ ಚಾಚಿದರು.

"ಸಾಹೇಬ್ರೇ, ಟೆಂಪೋ ಓಡ್ಸಿರಲ್ಲ, ನಿಮ್ಮ ಲೈಸೆನ್ಸ್ ಕೊಡಿ. ಅವ್ನ ಕೀಲಿಯೂ ಕೊಡಿ."

ಕೀಲಿ ಕೈಗೆ ಬಂದಾಗ ಕುಷ್ಟ ಅತ್ತೇ ಬಿಟ್ಟ. ಸೀತು ಟೆಂಪೋದ ಬಾಗಿಲು ಹಿಡಿದು ನಿಂತಿದ್ದಳು. ಅವನು ಇನ್ನೇನು ಹೊರಡಬೇಕು, ಚಂದಯ್ಯ ಗದರಿದರು: "ಬಿರಡೆ ಹಾಕಂಡ್ ಹೋಗ್! ಇನ್ನೊಂದ್ ಸಲ ಒಂದ್ ಹನಿ ಬಿದ್ರೆ ಕೇಸ್ ಬರಿತೆ."

ಇಪ್ಪತ್ತು ವರ್ಷ ರಿಕ್ಷಾ ಓಡಿಸಿ ಮೊದಲ ಸಲ ನನಗೆ ಪೊಲೀಸಿನವರೊಬ್ಬರ ಕಾಲಿಗೆ ಬೀಳಬೇಕೆನಿಸಿತು. ಹತ್ತಿರ ಹೋಗಿ, "ಬನ್ನಿ, ಮನೆಗೆ ಬಿಡ್ತೆ" ಎಂದೆ.

ಚಂದಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಹ್ವಾಯ್, ಖಾಕಿ ಅಂಗಿ ಎಲ್ಲ್?"