ಕಪ್ಪು ಗಾಜಿನ ಪೆಟ್ಟಿಗೆಯೊಳಗೆ ಲೀವಾ

ಬಹಳ ಕಾಲದ ಹಿಂದೆ, ಭೂಮಿಯ ಉತ್ತರದ ಕೊನೆಯಲ್ಲಿ, ಬೇಸಗೆ ಬಂತೆಂದರೆ ಸೂರ್ಯ ಮುಳುಗುವುದನ್ನೇ ಮರೆತುಬಿಡುವ ಹಿಮತೀರ ಎಂಬ ರಾಜ್ಯವಿತ್ತು. ಆಲ್ಮರ್ ಎಂಬ ರಾಜ ಅದನ್ನು ಆಳುತ್ತಿದ್ದ. ಆ ರಾಜ್ಯದಲ್ಲಿ ಮನುಷ್ಯರಲ್ಲದವರೂ ಇದ್ದರು. ಊರಿನ ಒಲೆಗಳನ್ನೆಲ್ಲ ನೋಡಿಕೊಳ್ಳುವ ಒಬ್ಬ ಒಲೆಕುಳ್ಳನಿದ್ದ. ಮೊಣಕಾಲೆತ್ತರ, ತಲೆಗೆ ಕೆಂಪು ಟೊಪ್ಪಿ. ಜಲಪಾತದ ನೀರಿನೊಳಗೆ ಕೂತು ಪಿಟೀಲು ನುಡಿಸುವವನೊಬ್ಬನಿದ್ದ. ಬಡಗಣ ಕಣಿವೆಯ ಮೇಲೆ ಬೆಟ್ಟದಷ್ಟೇ ಎತ್ತರದ ಕಲ್ಲುದೈತ್ಯನಿದ್ದ. ಅವನ ಹತ್ತಿರಕ್ಕೆ ಮಾತ್ರ ಯಾರೂ ಹೋದವರಿಲ್ಲ.

ರಾಜಧಾನಿಯ ಮೀನುಪೇಟೆಯಲ್ಲಿ ಲೀವಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಅವ್ವನ ಜೊತೆ ಇದ್ದಳು. ಅವ್ವ ಬಲೆ ಹೆಣೆಯುತ್ತಿದ್ದಳು, ಮಗಳು ಚಿತ್ರ ಬರೆಯುತ್ತಿದ್ದಳು. ಒಂದು ಹಾಳೆಯಲ್ಲಿ ಒಂಬತ್ತು ಚೌಕ, ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ, ಅದರ ಕೆಳಗೆ ಎರಡು ಸಾಲು ಮಾತು. ಒಲೆಕುಳ್ಳ, ಪಿಟೀಲುಗಾರ, ಕಲ್ಲುದೈತ್ಯ, ಈ ಮೂವರ ಕತೆಯೇ ತಿಂಗಳು ತಿಂಗಳೂ ಮುಂದುವರಿಯುತ್ತಿತ್ತು. ಹೊಸ ಹಾಳೆ ಬಂದ ದಿನ ಪೇಟೆಯ ಮಕ್ಕಳು ಊಟ ಬಿಟ್ಟು ಓಡಿಬರುತ್ತಿದ್ದರು.

ಒಂದು ಬೇಸಗೆಯಲ್ಲಿ ಗ್ರಿಮ್ಸಾ ಎಂಬ ಮಾಂತ್ರಿಕ ಅವಳ ಮನೆಗೆ ಬಂದ. ರಾಜಕುಮಾರಿಯ ಹುಟ್ಟುಹಬ್ಬಕ್ಕೆ ಏಳು ದಿನ ಆಟ ಆಡಿಸಬೇಕಾಗಿದೆ, ನಿನ್ನ ಚಿತ್ರಗಳು ನಡೆಯುವಂತೆ, ನುಡಿಯುವಂತೆ ಮಾಡುತ್ತೇನೆ, ಹಾಳೆಗಳನ್ನು ಕೊಡು ಎಂದು ನಯವಾಗಿ ಕೇಳಿದ. ತನ್ನ ಚಿತ್ರ ಅರಮನೆಗೆ ಹೋಗುತ್ತದೆಂದರೆ ಯಾರಿಗೆ ಬೇಡ? ಲೀವಾ ಹಿಂದೆಮುಂದೆ ನೋಡದೆ ಎಲ್ಲವನ್ನೂ ಕಟ್ಟಿ ಕೊಟ್ಟಳು. ಅವ್ವ ಮಾತ್ರ, ಆ ಮನುಷ್ಯ ಚಿತ್ರ ನೋಡುವಾಗ ಒಮ್ಮೆಯೂ ನಗಲಿಲ್ಲವಲ್ಲ ಎಂದಳು.

ಮೊದಲ ದಿನದ ಆಟಕ್ಕೆ ಊರೆಲ್ಲ ನೆರೆಯಿತು. ಅರಮನೆಯ ಅಂಗಳದಲ್ಲಿ ಕಪ್ಪು ಗಾಜಿನ ಒಂದು ಪೆಟ್ಟಿಗೆ, ಕೊಟ್ಟಿಗೆಯಷ್ಟು ದೊಡ್ಡದು. ಗ್ರಿಮ್ಸಾ ಕೋಲು ತಟ್ಟಿದೊಡನೆ ಗಾಜಿನೊಳಗೆ ಒಲೆಕುಳ್ಳ ಓಡಾಡಿದ, ಪಿಟೀಲುಗಾರ ನುಡಿಸಿದ, ಕಲ್ಲುದೈತ್ಯ ಗರ್ಜಿಸಿದ. ಜನ ಚಪ್ಪಾಳೆ ತಟ್ಟಿದರು. ಆದರೆ ಕತೆ ಲೀವಾಳದ್ದಾಗಿರಲಿಲ್ಲ. ಒಲೆಕುಳ್ಳ ಕಳ್ಳನಾಗಿದ್ದ. ಪಿಟೀಲುಗಾರ ದಾರಿಹೋಕರನ್ನು ನೀರಿಗೆ ಸೆಳೆಯುತ್ತಿದ್ದ. ಕಲ್ಲುದೈತ್ಯ ಮಕ್ಕಳನ್ನು ನುಂಗುತ್ತಿದ್ದ. ಅಷ್ಟೇ ಆಗಿದ್ದರೆ ಅವಳು ಮುನಿಸಿಕೊಂಡು ಮನೆಗೆ ಹೋಗುತ್ತಿದ್ದಳೋ ಏನೋ. ಆದರೆ ಒಲೆಕುಳ್ಳನ ಟೊಪ್ಪಿಯಲ್ಲಿ ಅವಳಿಗೊಂದು ತೇಪೆ ಕಂಡಿತು. ಹೋದ ವಾರವಷ್ಟೇ ಅವ್ವ ಬಲೆಯ ದಾರದಿಂದ ಹಾಕಿಕೊಟ್ಟ ತೇಪೆ. ಅವಳು ಅದನ್ನು ಯಾವ ಚಿತ್ರದಲ್ಲೂ ಬರೆದಿರಲಿಲ್ಲ.

ಮರುದಿನದಿಂದ ಊರಿನ ಒಲೆಗಳು ಬರೀ ಹೊಗೆ ಕಾರಿದವು. ಮೂರನೆಯ ದಿನ ಜಲಪಾತದ ಸದ್ದು ನಿಂತಿತು; ನೀರು ಬೀಳುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಮೀನುಗಳು ಬರಲಿಲ್ಲ. ಐದನೆಯ ದಿನ ಬಡಗಣ ಕಣಿವೆಯಿಂದ ಬಂದವರು, ಬೆಟ್ಟದ ಹಿಮವೆಲ್ಲ ನಮ್ಮ ನಲವತ್ತು ಮನೆಗಳ ಕಡೆಗೆ ಜಾರಿಕೊಂಡು ಬರುತ್ತಿದೆ, ದಿನಕ್ಕೆ ಒಂದು ಹೊಲದಷ್ಟು ಎಂದು ರಾಜನಿಗೆ ದೂರಿದರು. ರಾಜ ಗ್ರಿಮ್ಸಾನನ್ನು ಕೇಳಿದ. ಹೊಸ ಆಟ ಶುರುವಾದಾಗ ಹಳೆಯ ಗಾಳಿ ಸ್ವಲ್ಪ ಅಲುಗುತ್ತದೆ ಪ್ರಭು, ಏಳನೆಯ ದಿನಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಮಾಂತ್ರಿಕ ಬಾಗಿ ನುಡಿದ. ರಾಜ ನಂಬಿದ.

ಲೀವಾ ನಂಬಲಿಲ್ಲ. ಆರನೆಯ ದಿನ ಆಟ ಮುಗಿದು ಜನ ಚದುರಿದ ಮೇಲೆ ಪೆಟ್ಟಿಗೆಯ ಬಳಿ ಬಗ್ಗಿ ನೋಡಿದಳು. ಪೆಟ್ಟಿಗೆಯ ಗೋಡೆಯಲ್ಲಿ ಎದೆಯೆತ್ತರಕ್ಕೆ ಅಂಗೈಯಗಲದ ಸೀಳು. ತಳದಲ್ಲಿ ಅವಳದೇ ಹಾಳೆಗಳು, ಅವುಗಳ ಮೇಲೆಲ್ಲ ಯಾರೋ ಕಪ್ಪು ಮಸಿಯಲ್ಲಿ ತಿದ್ದಿದ ಗೀಟುಗಳು. ಯಾರ ಚಿತ್ರ ಒಳಗೆ ಬೀಳುತ್ತದೋ ಅವರೂ ಒಳಗೆ ಬೀಳುತ್ತಾರೆ ಎಂಬುದು ಅವಳಿಗೆ ಆಗ ತಿಳಿಯಿತು. ಅವರನ್ನು ಹಿಡಿದುಕೊಟ್ಟದ್ದು ತನ್ನ ಕೈಯೇ ಎಂಬುದೂ ತಿಳಿಯಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿ, ನಾನು ಒಳಗೆ ಹೋಗಬೇಕು ಎಂದಳು. ಅವ್ವ ಕೈಯಲ್ಲಿದ್ದ ಬಲೆಯ ಗಂಟು ಬಿಡಿಸಿ ಮುಗಿಸಿದಳು. ಆಮೇಲೆ ಎದ್ದು, ಹೊಗೆಯಲ್ಲಿ ಕೆಮ್ಮುತ್ತಲೇ ಜವೆಗೋಧಿಯ ಗಂಜಿ ಕಾಯಿಸಿ, ಮೇಲೊಂದು ಉಂಡೆ ಬೆಣ್ಣೆ ಹಾಕಿ, ಮುಚ್ಚಳದ ಬೋಗುಣಿಯಲ್ಲಿ ಕಟ್ಟಿಕೊಟ್ಟಳು. "ಆ ಕುಳ್ಳ ಆರು ದಿನದಿಂದ ಏನೂ ತಿಂದಿರಲಾರ, ಮಗಳೇ. ಮೊದಲು ಅವನಿಗೆ ಬಡಿಸು, ಆಮೇಲೆ ಮಾತಾಡು" ಎಂದಳು.

ಏಳನೆಯ ದಿನ ಬೆಳಿಗ್ಗೆ ಲೀವಾ ತನ್ನ ಚಿತ್ರವನ್ನೇ ಬರೆದಳು: ಕೈಯಲ್ಲಿ ಬೋಗುಣಿ, ಸೊಂಟದಲ್ಲಿ ಇದ್ದಿಲು ಮತ್ತು ಒರೆಸುವ ಬಟ್ಟೆ. ಹಾಗೆಯೇ ಸಜ್ಜಾಗಿ ಹೋಗಿ ಆ ಹಾಳೆಯನ್ನು ಸೀಳಿನೊಳಗೆ ಹಾಕಿದಳು. ಹಾಕಿದವಳು ಅಲ್ಲಿರಲಿಲ್ಲ, ಗಾಜಿನೊಳಗಿದ್ದಳು.

ಒಳಗೆ ಹೊರಗಿನಿಂದ ಕಂಡದ್ದಕ್ಕಿಂತ ನೂರು ಪಟ್ಟು ಜಾಗವಿತ್ತು. ನೆಲದ ಮೇಲೆ ಬಿದ್ದಿದ್ದ ತನ್ನ ಹಾಳೆಗಳನ್ನು ಅವಳು ಆಯ್ದುಕೊಂಡಳು. ಮೊದಲು ಎದುರಾದವನು ಒಲೆಕುಳ್ಳ. ಬೆನ್ನ ಮೇಲೆ ಕದ್ದ ಗಂಟು, ಕೈಯಲ್ಲಿ ಚೂರಿ.

"ಚಿತ್ರದ ಹುಡುಗಿ, ನಾನು ಯಾರು?" ಎಂದ.

ಲೀವಾ ಬೋಗುಣಿ ಬಿಚ್ಚಿ ಮುಂದಿಟ್ಟಳು. ಕುಳ್ಳ ಮೂಸಿದ. ಚೂರಿಯಿಂದ ಬೆಣ್ಣೆ ಸವರಿ ನೆಕ್ಕಿದ. ಆಮೇಲೆ ಕೂತು ತಳ ಕಾಣುವವರೆಗೂ ತಿಂದ. ಅವನು ಉಣ್ಣುತ್ತಿರುವಾಗ ಅವಳು ಅವನ ಹಾಳೆಯ ಮಸಿ ಒರೆಸಿ, ಚೂರಿಯ ಜಾಗದಲ್ಲಿ ಊದುಗೊಳವೆ ಬರೆದಳು, ಮರೆಯದೆ ಟೊಪ್ಪಿಯ ತೇಪೆಯನ್ನೂ ಬರೆದಳು. ಕುಳ್ಳನ ಕಣ್ಣಿನ ಕೆಂಪು ಇಳಿಯಿತು. ಇಲ್ಲಿ ಯಾರ ಚಿತ್ರ ನಿಜವಾಗುತ್ತದೋ ಅವರು ಬಿಡುಗಡೆಯಾಗುತ್ತಾರೆ, ಆದರೆ ಇವತ್ತಿನ ಆಟ ಮುಗಿಯುವುದರೊಳಗೆ ಆಗಬೇಕು, ಇಲ್ಲದಿದ್ದರೆ ನಾವೆಲ್ಲ ಆ ಮಾಂತ್ರಿಕ ತಿದ್ದಿದಂತೆಯೇ ಉಳಿದು ಅವನು ಹೇಳಿದ ಕಡೆ ಹೋಗಿ ಕೊಲ್ಲುತ್ತೇವೆ ಎಂದು ಅವಸರದಲ್ಲಿ ಹೇಳಿದ.

ಮುಂದೆ ಪಿಟೀಲುಗಾರ. ಮೊಣಕಾಲವರೆಗೆ ಕಪ್ಪು ನೀರಿನಲ್ಲಿ ನಿಂತು ನುಡಿಸುತ್ತಿದ್ದ. ಆ ರಾಗಕ್ಕೆ ಲೀವಾಳ ಕಾಲು ತಾನಾಗಿ ನೀರಿನ ಕಡೆ ನಡೆಯಿತು.

"ಚಿತ್ರದ ಹುಡುಗಿ, ನಾನು ಯಾರು?"

ಮೀನುಗಳಿಗೆ ದಾರಿ ತೋರಿಸುವವನು ಎಂದು ಅವಳಿಗೆ ಗೊತ್ತಿತ್ತು. ಆದರೆ ಹೇಳಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಅವನ ಕಿವಿಯಲ್ಲಿ ಆ ಕೆಟ್ಟ ರಾಗವೇ ತುಂಬಿತ್ತು. ಚಿಕ್ಕಂದಿನಿಂದ ಕೇಳಿದ್ದ ಜಲಪಾತದ ರಾಗ ಅವಳಿಗೆ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಆ ಕೆಟ್ಟ ರಾಗವನ್ನು ತಡೆಯಲೆಂದು ಅವಳು ತನ್ನ ಬಲಗೈಯನ್ನು ಚಾಚಿ ತಂತಿಗಳ ಮೇಲಿಟ್ಟಳು. ಅವನು ಸಿಟ್ಟಿನಿಂದ ಅವಳ ಬೆರಳುಗಳನ್ನು ಹಿಡಿದು ತಂತಿಗೆ ಒತ್ತಿ ಎಳೆದ. ಚರ್ಮ ಹರಿಯಿತು. ಅವಳು ಕೈ ತೆಗೆಯಲಿಲ್ಲ. ನೋವಿನಲ್ಲೇ ಹಳೆಯ ರಾಗವನ್ನು ಗುನುಗುತ್ತ ಹೋದಳು. ಮೂರನೆಯ ಸಲಕ್ಕೆ ತಂತಿ ಅವಳ ಗುನುಗಿನ ಜೊತೆ ಸೇರಿತು. ಪಿಟೀಲುಗಾರ ಬೆಚ್ಚಿ ಅವಳ ಬೆರಳು ನೋಡಿದ. ಇದನ್ನು ನಾನು ಮಾಡಿದೆನೇ ಎಂದು ಮೆಲ್ಲಗೆ ಕೇಳಿದ. ಅವಳು ಎಡಗೈಯಲ್ಲಿ ಅವನ ಹಾಳೆಯ ಮಸಿ ಒರೆಸಿ ಸೊಟ್ಟಸೊಟ್ಟಾಗಿ ಒಂದು ಮೀನು ಬರೆದಳು. ಸಾಕಾಯಿತು.

ಹೊರಗೆ ಕೋಲು ತಟ್ಟುವ ಸದ್ದು ಕೇಳಿಸಿತು. ಕೊನೆಯ ಆಟ ಶುರುವಾಗಿತ್ತು. ಗಾಜಿನಾಚೆ ರಾಜ, ರಾಜಕುಮಾರಿ, ಊರಿನ ಜನ ಮಸುಕಾಗಿ ಕಾಣುತ್ತಿದ್ದರು.

ಕಲ್ಲುದೈತ್ಯ ಬಗ್ಗಿ ಅವಳನ್ನು ಅಂಗೈಗೆ ಎತ್ತಿಕೊಂಡ. ಬಾಯಿ ತುಂಬ ಗರಗಸದಂಥ ಹಲ್ಲು.

"ಚಿತ್ರದ ಹುಡುಗಿ, ನಾನು ಯಾರು?"

ಲೀವಾ ಅವನ ಹಾಳೆಯನ್ನು ಒರೆಸಿದಳು. ಮಸಿ ಹೋಯಿತು, ಹಲ್ಲು ಹೋಗಲಿಲ್ಲ. ಆ ಹಲ್ಲು ಮಾಂತ್ರಿಕನದಲ್ಲ, ಅವಳದೇ. ಮಕ್ಕಳು ಹೆದರಿ ಖುಷಿಪಡಲೆಂದು ಮೊದಲ ಹಾಳೆಯಲ್ಲೇ ಬರೆದದ್ದು. ಅವಳಿಗೆ ಮುಖ ಎತ್ತಲಾಗಲಿಲ್ಲ.

"ನನಗೆ ಗೊತ್ತಿಲ್ಲ, ಅಜ್ಜ," ಎಂದಳು. "ನಾನು ನಿನ್ನನ್ನು ಯಾವತ್ತೂ ಹತ್ತಿರದಿಂದ ನೋಡಿಲ್ಲ. ನೋಡದೆಯೇ ಬರೆದೆ."

ದೈತ್ಯನ ಉಸಿರು ಅವಳ ಕೂದಲನ್ನು ಹಾರಿಸುತ್ತಿತ್ತು. ನುಂಗುತ್ತಾನೆ ಎನ್ನಿಸಿದರೂ ಅವಳು ಕಣ್ಣು ಮುಚ್ಚಲಿಲ್ಲ. ಅವನು ಹೇಳಿದ: "ಹಾಗಾದರೆ ಈಗ ನೋಡು."

ಅವಳು ನೋಡಿದಳು. ಹೆಗಲಿನ ಸಂದುಗಳಲ್ಲಿ ಹಕ್ಕಿಗೂಡುಗಳಿದ್ದವು. ಹುಬ್ಬಿನ ಮೇಲೆ ಪಾಚಿ ಬೆಳೆದಿತ್ತು. ಎಡತೋಳು ನೆಟ್ಟಗಿರಲಿಲ್ಲ, ನೂರಾರು ವರ್ಷ ಒಂದೇ ಭಾರವನ್ನು ಒತ್ತಿಹಿಡಿದವರ ತೋಳಿನಂತೆ ಸೊಟ್ಟಗಾಗಿತ್ತು. ಆ ಭಾರ ಯಾವುದೆಂದು ಅವಳಿಗೆ ಹೊಳೆಯಿತು. ಕಣಿವೆಯ ಹಿಮವನ್ನು ಇಷ್ಟು ಕಾಲ ತಡೆದು ನಿಂತವನು ಇವನು. ಹರಿದ ಬೆರಳುಗಳಲ್ಲೇ ಇದ್ದಿಲು ಹಿಡಿದು ಗೂಡುಗಳನ್ನು ಬರೆದಳು, ಪಾಚಿ ಬರೆದಳು, ತೋಳು ಬರೆದಳು. ಕೊನೆಗೆ ಬಾಯಿ ಬರೆಯುವಾಗ ಕೈ ನಿಲ್ಲಿಸಿ, ಬಾಯಿ ತೆರೆಯುತ್ತೀಯಾ ಅಜ್ಜ ಎಂದು ಕೇಳಿ, ನೋಡಿ, ಬರೆದಳು. ಅವಳು ನೋಡದೆ ಬರೆದಿದ್ದ ಹಲ್ಲು ಮಾಯವಾಗಿತ್ತು; ಅಲ್ಲಿ ಹಲ್ಲೇ ಇರಲಿಲ್ಲ.

ಗಾಜು ಒಡೆಯಿತು. ಚೂರುಗಳು ನೆಲ ಮುಟ್ಟುವ ಮೊದಲೇ ನೀರಾದವು. ಪೆಟ್ಟಿಗೆಗೆ ಬೀಗವಾಗಿ ಗ್ರಿಮ್ಸಾ ತನ್ನ ನೆರಳನ್ನೇ ಇಟ್ಟಿದ್ದ. ಅದೂ ನೀರಿನ ಜೊತೆ ಹರಿದುಹೋಯಿತು. ಹಿಮತೀರದಲ್ಲಿ ನೆರಳಿಲ್ಲದವನ ಮಂತ್ರ ನಡೆಯುವುದಿಲ್ಲ. ಅವನು ಕೋಲು ತಟ್ಟಿದ, ಮತ್ತೆ ತಟ್ಟಿದ. ಅದು ಬರೀ ಕೋಲಾಗಿತ್ತು.

ಅಂಗಳದ ನಡುವೆ ನಿಂತ ಕಲ್ಲುದೈತ್ಯನನ್ನು ಕಂಡು ಜನ ಓಡಲು ಹೊರಟರು. ಆದರೆ ಅವನು ಯಾರ ಕಡೆಯೂ ನೋಡದೆ ಲೀವಾಳನ್ನು ಮೆಲ್ಲಗೆ ಇಳಿಸಿ, ಮೂರೇ ಹೆಜ್ಜೆಯಲ್ಲಿ ಬಡಗಣ ಕಣಿವೆ ಸೇರಿ, ಜಾರುತ್ತಿದ್ದ ಹಿಮಕ್ಕೆ ಎಡತೋಳು ಕೊಟ್ಟು ನಿಂತ. ಮೊದಲ ಮನೆಯ ಬೇಲಿಯ ಹತ್ತಿರ ಹಿಮ ನಿಂತಿತು.

ಆಲ್ಮರ್ ರಾಜ ಸಿಂಹಾಸನದಿಂದ ಇಳಿದು ಬಂದು, ತಪ್ಪಾಯಿತು ಎಂದು ಎಲ್ಲರೆದುರೂ ಒಪ್ಪಿಕೊಂಡ. ಗ್ರಿಮ್ಸಾನಿಗೆ ಏನು ಶಿಕ್ಷೆ ಕೊಡಲಿ ಎಂದು ಒಲೆಕುಳ್ಳನನ್ನೇ ಕೇಳಿದ. ಕುಳ್ಳ ಗಡ್ಡ ಕೆರೆದುಕೊಂಡು, ಊರಿನ ಒಲೆಗಳಲ್ಲಿ ಆರು ದಿನದ ಮಸಿ ಕೂತಿದೆ, ತೆಗೆಯಲಿ ಎಂದ. ಮಾಂತ್ರಿಕ ಒಂದು ವರ್ಷ ಮನೆ ಮನೆಯ ಒಲೆ ಕೆರೆದ. ವರ್ಷ ಮುಗಿಯುವ ಹೊತ್ತಿಗೆ ಅವನಿಗೆ ಗಂಜಿ ಕಾಯಿಸಲು ಬರುತ್ತಿತ್ತು, ಅಲ್ಲೇ ಉಳಿದುಕೊಂಡ.

ಲೀವಾಳ ಬೆರಳುಗಳು ವಾಸಿಯಾದವು, ಆದರೆ ಮೊದಲಿನ ವೇಗ ಬರಲಿಲ್ಲ. ತಿಂಗಳಿಗೊಂದು ಹಾಳೆಯ ಬದಲು ಎರಡು ತಿಂಗಳಿಗೊಂದು ಬಂತು. ಮಕ್ಕಳು ಕಾದರು.

ಮುಂದಿನ ಬೇಸಗೆಯಲ್ಲಿ ರಾಜಕುಮಾರಿಯ ಹುಟ್ಟುಹಬ್ಬಕ್ಕೆ ಆಟವನ್ನು ಕಣಿವೆಯ ಇಳಿಜಾರಿನಲ್ಲೇ ಇಟ್ಟರು. ಲೀವಾಳ ಕತೆ, ಒಲೆಕುಳ್ಳನ ಪಾತ್ರದಲ್ಲಿ ಒಲೆಕುಳ್ಳನೇ, ಪಿಟೀಲಿಗೆ ಪಿಟೀಲುಗಾರನೇ. ಕಲ್ಲಜ್ಜ ನಿಂತಲ್ಲಿಂದಲೇ ತನ್ನ ನಾಲ್ಕು ಮಾತು ಹೇಳಿದ, ಅದರಲ್ಲಿ ಎರಡನ್ನು ಮರೆತ. ಆಟ ನಡೆಯುವಾಗ ಕಣಿವೆಯ ಒಂದು ಪುಟ್ಟ ಮಗು ಅವನ ಪಾದ ಹತ್ತಿ, ಕಾಲ್ಬೆರಳುಗಳ ನಡುವೆ ಪಾಚಿ ಮೆತ್ತಗಿದ್ದ ಜಾಗ ನೋಡಿ ಮಲಗಿ ನಿದ್ದೆಹೋಯಿತು. ಆಟ ಮುಗಿಯಿತು. ಜನ ಎದ್ದರು. ತಾಯಿ ಎತ್ತಿಕೊಳ್ಳಲು ಬಂದಾಗ ಅಜ್ಜ, ಇರಲಿ ಬಿಡಮ್ಮ, ತಾನಾಗಿ ಏಳಲಿ ಎಂದ. ತಾಯಿ ಅವನ ಹಿಮ್ಮಡಿಗೆ ಒರಗಿ ಕೂತಳು. ಬಿಸಿಲು ಹಾಗೆಯೇ ಇತ್ತು. ಮಗು ಏಳುವವರೆಗೂ ಅಜ್ಜ ಒಂದು ಬೆರಳನ್ನೂ ಅಲುಗಿಸಲಿಲ್ಲ.

ಹಿಮತೀರದಲ್ಲಿ ಮನುಷ್ಯರೂ ಉಳಿದವರೂ ಹೀಗೆ ಬಹುಕಾಲ ನೆಮ್ಮದಿಯಾಗಿ ಬಾಳಿದರು.